ಹೆಸರು ಹಿಡಿದು ಕರೆದದ್ದು

ಬೆಟಗೇರಿ
೮ ಜುಲೈ ೨೦೨೪

ಪ್ರಿಯ ಯಮನೂರಪ್ಪ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಹಲೋ ಅನ್ನುವ ಬದಲು ಪ್ರಾರ್ಥನೆ ಶುರು ಮಾಡುತ್ತೀಯ. ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಆದ್ದರಿಂದ ಕಾಗದ.

ಬೆಳ್ಳಟ್ಟಿಯ ನೀಲಾ ಕಳೆದ ಶುಕ್ರವಾರ ಮುಂಡರಗಿಯ ನಿನ್ನ ಉಪವಾಸ ಪ್ರಾರ್ಥನೆಗೆ ಬಂದಿದ್ದಳೆಂದು ಕೇಳಿದೆ. ಹಿಟ್ಟಿನ ಗಿರಣಿಯ ಹನಮಪ್ಪನ ಹೆಂಡತಿ. ಅಂಥ ಗದ್ದಲದಲ್ಲಿ ಅವಳು ತನ್ನ ವಿಷಯ ಪೂರ್ತಿ ಹೇಳಿರಲಿಕ್ಕಿಲ್ಲ, ನೀನೂ ಪೂರ್ತಿ ಕೇಳಿರಲಿಕ್ಕಿಲ್ಲ. ನನಗೆ ಗೊತ್ತಿರುವುದನ್ನು ನಿನಗೆ ತಿಳಿಸಿಬಿಡುವುದು ಒಳ್ಳೆಯದು.

ಅವಳು ಹನಮಪ್ಪನಿಗೆ ಎರಡನೆಯವಳು. ಮೊದಲನೆಯವಳು ಕಾಂಚನಾ, ಕಾಮಾಲೆಯಿಂದ ತೀರಿಕೊಂಡಳು. ಅವಳ ಮಗಳು ಸೀಮಾ ಆಗ ಸಣ್ಣವಳು. ಹಿರೇವಡ್ಡಟ್ಟಿಯಿಂದ ನೀಲಾ ಮದುವೆಯಾಗಿ ಬಂದ ದಿನ ಅತ್ತೆ ಕರೆವ್ವ ಅವಳ ಕೊರಳಿಗೆ ತಾಳಿಯ ಜೊತೆ ಸತ್ತವಳ ಹೆಸರಿನ ಸವತಿ ಪದಕವನ್ನೂ ಕಟ್ಟಿದಳು. ಈ ಪದ್ಧತಿ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಾನು ನೋಡಿದ್ದು ಇಷ್ಟೆ: ಉಗುರಿನಷ್ಟಗಲದ ಬೆಳ್ಳಿಯ ಬಿಲ್ಲೆ, ಮೇಲೆ ಒತ್ತಿದ ಒಂದು ಹೆಣ್ಣಿನ ಆಕಾರ, ಮುಖ ಸವೆದುಹೋಗಿದೆ. ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಬೇಕು, ಹಬ್ಬದ ಅಡಿಗೆಯಾದರೆ ಮೊದಲು ಅದಕ್ಕೆ ತೋರಿಸಬೇಕು, ಆಮೇಲೆ ಇವಳು ಉಡುವುದು, ಉಣ್ಣುವುದು.

ಈ ವರ್ಷದ ಈಸ್ಟರ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಇಲ್ಲಿ ನನ್ನಿಂದಲೇ ದೀಕ್ಷಾಸ್ನಾನ ತೆಗೆದುಕೊಂಡರು. ಕರೆವ್ವ ತನ್ನ ದೇವರ ಜೊತೆಯೇ ಇದ್ದಾಳೆ, ಅದೇ ಮನೆಯಲ್ಲಿ, ಜಗಳವಿಲ್ಲದೆ. ಪದಕ ಏನು ಮಾಡಲಿ ಎಂದು ನೀಲಾ ಕೇಳಿದಾಗ, ಅದು ಬರೀ ಬೆಳ್ಳಿ, ಹಾಕಿಕೊಂಡರೆ ಪಾಪವಿಲ್ಲ, ತೆಗೆದರೆ ಕೇಡಿಲ್ಲ, ಸುಮ್ಮನೆ ಪೆಟ್ಟಿಗೆಯಲ್ಲಿಡು ಎಂದೆ. ಇಟ್ಟಳು. ಅಲ್ಲಿಂದ ಶುರುವಾಯಿತು. ಸೀರೆ ಉಡುವಾಗ ಯಾರೋ ಹಿಂದಿನಿಂದ ಸೆರಗು ಜಗ್ಗಿದಂತಾಗುತ್ತದೆ. ಎದೆ ಬಿಗಿಯುತ್ತದೆ. ಊಟ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ಗುರುವಾರ ಗುರುವಾರ ಹೋಗಿ ತಿಳಿಹೇಳುತ್ತಿದ್ದೆ. ಹಳೆಯ ಬೇಲಿ ದಾಟಿ ಬಂದವರಿಗೆ ಹೊಸ ಅಂಗಳ ರೂಢಿಯಾಗುವವರೆಗೆ ಗಾಳಿ ಬೀಸಿದರೂ ಯಾರೋ ಬಂದಂತೆ ಅನಿಸುತ್ತದೆ, ಅಂಜಿಕೆಯೆಂದರೆ ದೆವ್ವವಲ್ಲ ಎಂದೆ. ಗದಗಿನ ವೈದ್ಯರಿಗೂ ತೋರಿಸಿದೆ. ರಕ್ತ ಕಡಿಮೆ ಇತ್ತು, ಮಾತ್ರೆ ಕೊಟ್ಟರು. ಇಂಥದಕ್ಕೆ ಸಮಯ ಹಿಡಿಯುತ್ತದೆ, ನಡುವೆ ಇನ್ನೊಂದು ಕೈ ಸೇರಿದರೆ ಗೊಂದಲ. ಅಲ್ಲಿ ಏನಾಯಿತು ಎಂದು ತಿಳಿಸು. ಬೇರೆ ಉದ್ದೇಶವಿಲ್ಲ, ಅವಳ ಆರೈಕೆಗೆ ಬೇಕಾಗುತ್ತದೆ.

ನಿನ್ನ ಹಾಲ್‌ನ ತಗಡಿನ ಮಾಡನ್ನು ರಸ್ತೆಯವರೆಗೆ ಎಳೆದಿದ್ದೀಯಂತೆ, ಆದರೂ ಜನ ಹೊರಗೆ ನಿಲ್ಲುತ್ತಾರಂತೆ. ಸಂತೋಷ. ನಮ್ಮಲ್ಲಿ ಅಜ್ಜನ ಕಾಲದ ಬೆಂಚುಗಳು ಗಟ್ಟಿಯಾಗಿಯೇ ಇವೆ. ಜಾಗ ಧಾರಾಳ.

ಕರ್ತನ ಕೆಲಸದಲ್ಲಿ ನಿನ್ನ ಜೊತೆಗಾರ,
ಸ್ವಾಮಿದಾಸ


ಮುಂಡರಗಿ
೧೭ ಜುಲೈ ೨೦೨೪

ಗುರುಗಳಿಗೆ ನಿಮ್ಮ ಯಮನೂರಪ್ಪ ಮಾಡುವ ವಂದನೆ.

ನಿಮ್ಮ ಅಕ್ಷರ ನೋಡಿ ಬಹಳ ಸಂತೋಷವಾಯಿತು. ನನ್ನ ಹೆಂಡತಿ ಗದಿಗೆವ್ವ ಕವರನ್ನೂ ಒಗೆಯಲು ಬಿಡಲಿಲ್ಲ. ಲಾರಿ ತೊಳೆಯುತ್ತಿದ್ದ ಹುಡುಗನನ್ನು ಕೂಡ್ರಿಸಿಕೊಂಡು ದೇವರ ವಾಕ್ಯ ಓದಲು ಕಲಿಸಿದ್ದು ನೀವು. ನನ್ನಲ್ಲಿ ಏನಾದರೂ ಒಳ್ಳೆಯದಿದ್ದರೆ ನಿಮ್ಮದೇ.

ನೀಲಾ ಬಂದಿದ್ದು ಖರೆ. ಅವತ್ತು ಹಾಡು ಮುಗಿಯುವ ಮೊದಲೇ ಬಿದ್ದಳು. ನಾಲ್ಕು ಜನ ಹೆಣ್ಣುಮಕ್ಕಳು ಹಿಡಿದರೂ ತಡೆಯಲಾಗಲಿಲ್ಲ. ತಲೆ ನೆಲಕ್ಕೆ ಬಡಿದುಕೊಳ್ಳುತ್ತಿದ್ದಳು, ಗದಿಗೆವ್ವ ಕೈ ಅಡ್ಡ ಇಟ್ಟು ತನ್ನ ಬೆರಳು ಜಜ್ಜಿಸಿಕೊಂಡಳು. ಆಮೇಲೆ ಬೇರೆಯೇ ದನಿಯಲ್ಲಿ, "ನನ್ನ ಮನ್ಯಾಗ ಅಡ್ಡಾಡ್ತಾಳ, ನನ್ನ ಗಂಡನ ತಾಟಿನ್ಯಾಗ ಉಣ್ತಾಳ, ನನ್ನ ಸೀರಿ ನನಗ ಕೊಡ್ರಿ" ಎಂದಳು. ನಾನು, "ಯಾರು ನೀನು, ಹೆಸರು ಹೇಳು" ಎಂದೆ. "ಕಾಂಚನಾ" ಎಂದಳು. ಆಗ ಇಡೀ ಸಭೆ ಎದ್ದು ನಿಂತಿತು. ಕಾಂಚನಾ, ಕರ್ತನ ಹೆಸರಿನಲ್ಲಿ ಈ ಮೈ ಬಿಟ್ಟು ಹೋಗು ಎಂದು ಎಲ್ಲರೂ ಸೇರಿ ಹೇಳಿದೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಸುಮ್ಮನಾದಳು. ಎದ್ದು ಕೂತು ಕೇಳಿದ್ದು ರೊಟ್ಟಿ. ಝುಣಕ ಹಚ್ಚಿಕೊಂಡು ಹೊಟ್ಟೆತುಂಬ ಉಂಡಳು, ಗುರುಗಳೇ. ನೋಡಿ ಎಲ್ಲರೂ ಅತ್ತೆವು.

ಮರುದಿನ ಹನಮಪ್ಪ ಅವಳನ್ನೂ ನನ್ನನ್ನೂ ಕರೆದುಕೊಂಡು ಸಿಂಗಟಾಲೂರಿಗೆ ಹೋದ. ಪದಕವನ್ನು ಹೊಳೆಗೆ ಒಗೆದೆವು. ಅವ್ವನಿಗೆ ಆಮೇಲೆ ಹೇಳಿದರಾಯಿತು ಎಂದು ಹನಮಪ್ಪ ಅಂದ. ಅವತ್ತಿನಿಂದ ನೀಲಾ ಚೆನ್ನಾಗಿ ನಿದ್ದೆ ಮಾಡುತ್ತಾಳೆ. ಹೋದ ಶುಕ್ರವಾರ ಮುಂದೆ ಬಂದು ಬಿಡುಗಡೆಯಾದದ್ದಕ್ಕೆ ಸಾಕ್ಷಿ ಹೇಳಿದಳು, ಹುಡುಗರು ಫೋನಿನಲ್ಲಿ ವಿಡಿಯೋ ಮಾಡಿಕೊಂಡರು.

ನೀವು ಮಾತ್ರೆ ಕೊಡಿಸಿದಿರಿ, ಅದೂ ದೇವರ ಕೆಲಸವೇ. ನಾನು ಬರೀ ಕೊನೆಗೆ ಕೈ ಹಚ್ಚಿದವನು. ಒಂದು ಶುಕ್ರವಾರ ಬಂದು ನಮ್ಮ ಜನರಿಗೆ ನೀವು ಬೋಧಿಸಬೇಕು. ಬಿಸಿಲೆಂದು ನೆವ ಹೇಳಬೇಡಿ, ಫ್ಯಾನು ಹಾಕಿಸಿದ್ದೇವೆ.

ನಿಮ್ಮ ಹುಡುಗ,
ಯಮನೂರಪ್ಪ


ಬೆಟಗೇರಿ
೨೨ ಆಗಸ್ಟ್ ೨೦೨೪

ಸಹೋದರ ಯಮನೂರಪ್ಪನವರಿಗೆ,

ನಿಮ್ಮ ಪತ್ರಕ್ಕೆ ಉತ್ತರ ತಡವಾಯಿತು. ಆಮಂತ್ರಣಕ್ಕೆ ಕೃತಜ್ಞತೆ. ಸದ್ಯ ಬರಲಾಗುವುದಿಲ್ಲ.

ಕಳೆದ ಗುರುವಾರ ಎಂದಿನಂತೆ ಬೆಳ್ಳಟ್ಟಿಗೆ ಹೋಗಿದ್ದೆ. ಗಿರಣಿಯ ಕಟ್ಟೆಯ ಮೇಲೆ ಕಲಿಯಲು ಕೂಡುತ್ತಿದ್ದವರಲ್ಲಿ ಒಬ್ಬರೂ ಇರಲಿಲ್ಲ. ಕರೆವ್ವ ಒಬ್ಬಳೇ ಜೋಳ ಹಸನು ಮಾಡುತ್ತ ಕೂತಿದ್ದಳು.

"ಬರ್ರಿ ಪಾದ್ರ್ಯಾರ, ಕುಂಡ್ರಿ. ಇವತ್ತು ನಿಮ್ಮ ಸಾಲಿಗೆ ಸೂಟಿ."

ಎಲ್ಲಿ ಹೋಗಿದ್ದಾರೆ ಎಂದೆ.

"ನಾಳಿನ ಪ್ರಾರ್ಥನಿಗೆ ಇವತ್ತs ಟೆಂಪೋ ಮಾಡ್ಕೊಂಡು ಮುಂಡರಗಿಗೆ. ಅಲ್ಲೆ ಜಲ್ದಿ ಗುಣಾ ಆಕ್ಕತಂತ. ನಿಮ್ಮದು ಭಾಳ ನಿಧಾನ ಅಂತಾರ್ರೀ ಮಂದಿ. ನಾ ಅನ್ನಂಗಿಲ್ಲ."

ಆಮೇಲೆ ಮೊರ ಕೆಳಗಿಟ್ಟು ಹೇಳಿದಳು: "ನನ್ನ ಮೊದಲ್ನೇ ಸೊಸಿ ಬದಕಿದ್ದಾಗ ಬಾಗಲದಾಚಿ ಕೇಳೂಹಂಗ ಮಾತಾಡಿದಾಕಿ ಅಲ್ಲ. ಸತ್ತಮ್ಯಾಲ ಒದರಾಕ ಕಲತಾಳಂತ. ಯಾರು ಕಲಿಸಿದ್ರು ಆಕಿಗೆ, ನೀವೋ, ಮುಂಡರಗ್ಯಾವರೋ?"

ಸೀಮಾ ಮನೆ ಬಿಟ್ಟು ಲಕ್ಷ್ಮೇಶ್ವರಕ್ಕೆ, ತಾಯಿಯ ಕಡೆಯ ಅಜ್ಜಿಯ ಮನೆಗೆ ಹೋಗಿದ್ದಾಳೆ. ಶಿರಹಟ್ಟಿಯಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದಳು. ಯಾರೋ ಗೆಳತಿ ನಿಮ್ಮ ಸಭೆಯ ವಿಡಿಯೋ ತೋರಿಸಿದಳಂತೆ. ನನ್ನ ಅವ್ವನನ್ನು ದೆವ್ವ ಮಾಡಿದ್ದಾರೆ ಎಂದು ಹೇಳಿ ಬಟ್ಟೆ ಗಂಟು ಕಟ್ಟಿಕೊಂಡು ಹೋದವಳು ತಿರುಗಿ ಬಂದಿಲ್ಲ. ಕಾಲೇಜಿಗೂ ಹೋಗುತ್ತಿಲ್ಲ.

ಈಗ ವಾಕ್ಯದ ಮಾತು. ಸತ್ತವರು ದುರಾತ್ಮಗಳಾಗಿ ಅಲೆಯುತ್ತಾರೆಂದು ನಾವು ಯಾವತ್ತೂ ಕಲಿಸಿಲ್ಲ. ದುರಾತ್ಮವಿದೆಯೆಂದೇ ಇಟ್ಟುಕೊಳ್ಳಿ, ಅದು ಸುಳ್ಳುಗಾರ. ಆ ಸುಳ್ಳುಗಾರನ ಹೆಸರನ್ನು ಕೇಳಿದಿರಿ, ಅದು ಹೇಳಿದ್ದನ್ನು ನಂಬಿದಿರಿ, ನಂಬಿದ್ದನ್ನು ಇಡೀ ಸಭೆಯ ಬಾಯಲ್ಲಿ ಕೂಗಿಸಿದಿರಿ. ದುರಾತ್ಮವಿಲ್ಲದಿದ್ದರೆ ಇನ್ನೂ ಕಷ್ಟ: ಅಂಜಿದ ಹೆಂಗಸೊಬ್ಬಳು ತನ್ನ ಮನಸ್ಸಿನಲ್ಲಿ ಮೇಲೆ ತೇಲುತ್ತಿದ್ದ ಹೆಸರು ಹೇಳಿದಳು, ಅಷ್ಟೆ. ಹೊಸ ವಿಶ್ವಾಸಿಗಳಿಗೆ ಮೊದಲು ಕಲಿಸಬೇಕಾದದ್ದು ಓಡಿಸುವುದನ್ನಲ್ಲ, ಬೇರ್ಪಡಿಸಿ ನೋಡುವುದನ್ನು. ಯಾವುದು ರೋಗ, ಯಾವುದು ದುಃಖ, ಯಾವುದು ಸೈತಾನನು ಒಡ್ಡಿದ ಶೋಧನೆ. ಇದನ್ನು ನಾನು ನಿಮಗೆ ಕಲಿಸಿದ್ದೇನೆ ಎಂದುಕೊಂಡಿದ್ದೆ. ಕಲಿಸಿದ್ದು ಮೈಕಿನ ಸದ್ದಿನಲ್ಲಿ ಕೇಳಿಸದೆ ಹೋಗಿರಬಹುದು.

ರೊಟ್ಟಿ ಉಂಡದ್ದು ಬಿಡುಗಡೆಯ ಗುರುತಲ್ಲ. ಬೆಳಿಗ್ಗೆಯಿಂದ ಉಪವಾಸವಿದ್ದವರು ಯಾರಾದರೂ ಉಣ್ಣುತ್ತಾರೆ.

ಜಿಲ್ಲೆಯ ಸಭಾಪಾಲಕರ ಕೂಟ ಬರುವ ತಿಂಗಳಿದೆ. ಈ ವಿಷಯವನ್ನು ನಾನು ಅಲ್ಲಿ ಎತ್ತಬೇಕಾಗಬಹುದು. ವೈಯಕ್ತಿಕವಾಗಿ ತೆಗೆದುಕೊಳ್ಳಬಾರದು.

ಸ್ವಾಮಿದಾಸ


ಮುಂಡರಗಿ
೩೦ ಆಗಸ್ಟ್ ೨೦೨೪

ಗುರುಗಳಿಗೆ,

ನನ್ನನ್ನು ನೀವು, ನಿಮ್ಮ ಎಂದು ಬರೆದಿದ್ದೀರಿ. ಬೈದಿದ್ದರೆ ಚೆನ್ನಾಗಿತ್ತು.

ವಾಕ್ಯದ ಮಾತಿನಲ್ಲಿ ನೀವು ಹೇಳಿದ್ದು ಸರಿಯಿರಬೇಕು. ಇಲ್ಲ ಎನ್ನುವಷ್ಟು ನಾನು ಓದಿಲ್ಲ. ಆದರೆ ಆಕೆ ನೆಲಕ್ಕೆ ತಲೆ ಬಡಿದುಕೊಳ್ಳುವಾಗ ಇದು ರೋಗವೋ ದುಃಖವೋ ಎಂದು ಬೇರ್ಪಡಿಸುತ್ತ ಕೂಡಲು ನನ್ನಿಂದಾಗಲಿಲ್ಲ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಯಾರೂ ದೆವ್ವಕ್ಕೆ ಅಂಜಿಲ್ಲ. ನಾನು ಅಂಜಿ ಬೆಳೆದವನು. ಸಣ್ಣವನಿದ್ದಾಗ ನನಗೆ ಗಾಳಿ ಸೋಕಿದೆ ಎಂದು ಮೆಣಸಿನಕಾಯಿ ಹೊಗೆ ಹಾಕಿ ಕೋಣೆಯಲ್ಲಿ ಕೂಡಿಹಾಕಿದ್ದರು. ಒಳಗೆ ಇದ್ದವನಿಗೆ ಬಾಗಿಲು ತೆಗೆಯುವವರು ಬೇಕು. ಅಂಜಿಕೆಗೆ ಕಾರಣವಿಲ್ಲವೆಂದು ಹೊರಗಿನಿಂದ ಹೇಳಿದರೆ ಉಸಿರಾಡಲು ಬರುವುದಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಕಾಗದವನ್ನು ಗದಿಗೆವ್ವನಿಗೆ ಓದಿ ಹೇಳಿದೆ. ಕೇಳಿದ ಮೇಲೆ ಅವಳು, "ಆ ಹುಡಗಿ ಸುದ್ದಿ ನಡುವ ನಾಕು ಸಾಲು ಐತಿ. ಉಳಕಿದ್ದು ಎಲ್ಲಾ ನಿಮ್ಮ ಸುದ್ದಿನs ಐತಲ್ಲ" ಎಂದಳು. ಸೀಮಾ ಮನೆ ಬಿಟ್ಟಳೆಂದು ನಿಮಗೆ ಕೆಟ್ಟದೆನಿಸಿತೋ, ಯಮನೂರಪ್ಪನ ತಪ್ಪು ಸಿಕ್ಕಿತೆಂದು ಸಮಾಧಾನವಾಯಿತೋ?

ಕೂಟದಲ್ಲಿ ಎತ್ತುವುದಿದ್ದರೆ ಎತ್ತಿರಿ. ನಾನು ಎದ್ದು ನಿಂತು ಕೇಳುತ್ತೇನೆ.

ಯಮನೂರಪ್ಪ


ಬೆಟಗೇರಿ
೨೬ ಸೆಪ್ಟೆಂಬರ್ ೨೦೨೪

ಪ್ರಿಯ ಯಮನೂರಪ್ಪ,

ಕೂಟದಲ್ಲಿ ನಾನು ಏನೂ ಎತ್ತಲಿಲ್ಲ ಎಂಬುದು ನಿನಗೆ ಗೊತ್ತು. ನೀನು ಎದುರಿಗೇ ಕೂತಿದ್ದೆ. ಊಟದ ಪಾಳಿಯಲ್ಲಿ ನನ್ನ ತಟ್ಟೆಗೆ ಬದನೆಕಾಯಿ ಪಲ್ಯ ಬಡಿಸಿದವನೂ ನೀನೇ.

ಮೊನ್ನೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಯಾವ ಉದ್ದೇಶದಿಂದ ಹೋಗುತ್ತಿದ್ದೇನೆ ಎಂದು ಬಸ್ಸಿನಲ್ಲಿ ನನ್ನನ್ನೇ ಕೇಳಿಕೊಂಡೆ. ಉತ್ತರ ಬರುವ ಮೊದಲೇ ಊರು ಬಂತು.

ಸೀಮಾ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಚಾಪೆ ಹಾಸಿದಳು, ನೀರು ಕೊಟ್ಟಳು, ಮತ್ತೆ ಸುಲಿಯಲು ಕೂತಳು. ಅಜ್ಜಿ ಆಗಲೇ ವರ ನೋಡುತ್ತಿದ್ದಾಳೆ. ಕಾಲೇಜಿಗೆ ಹೋಗದ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಏನು ಮಾಡಲಿ ಎನ್ನುತ್ತಾಳೆ. ಸೀಮಾ ತನ್ನಷ್ಟಕ್ಕೆ ಸುಲಿಯುತ್ತಲೇ ಇದ್ದಳು.

"ನಿಮ್ಮವ್ವ ದೆವ್ವ ಅಲ್ಲ ತಂಗಿ," ಎಂದೆ.

"ಅದು ನನಗ ಗೊತ್ತೈತ್ರಿ. ಇದನ್ನ ಹೇಳಾಕ ಗದಗಿನಿಂದ ಬಂದ್ರೇನು?"

ಹೌದು ಎಂದೆ.

"ಲಕ್ಷ್ಮೇಶ್ವರದಾಗ ಯಾರೂ ಆಕಿನ್ನ ದೆವ್ವ ಅಂದಿಲ್ರಿ. ಅಂದಿದ್ದು ಮುಂಡರಗ್ಯಾಗ. ಅಲ್ಲೆ ಹೋಗಿ ಹೇಳ್ರಿ."

ಆಗ ನಾನು ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಅದು ಯಮನೂರಪ್ಪನ ತಪ್ಪು, ನಮ್ಮ ಸಭೆಯಲ್ಲಿ ಹಾಗೆ ಮಾಡುವುದಿಲ್ಲ ಎಂದೆ. ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು.

"ಪದಕ ಪೆಟಗ್ಯಾಗ ಇಡು, ಬರೇ ಬೆಳ್ಳಿ ಅಂದಾವ್ರು ನೀವs ಅಲ್ಲೇನ್ರಿ?"

ಅವಳು ಕೂಗಾಡಲಿಲ್ಲ. ಶೇಂಗಾ ಸಿಪ್ಪೆ ಮುರಿಯುವ ಸದ್ದಿನ ನಡುವೆ ಸಣ್ಣ ದನಿಯಲ್ಲಿ ಹೇಳಿದಳು. ಆ ಮನೆಯಲ್ಲಿ ಅಪ್ಪ ಎಂದೂ ಅವ್ವನ ಹೆಸರೆತ್ತುವುದಿಲ್ಲ. ಕರೆವ್ವಜ್ಜಿ ಎತ್ತಿದರೆ ಅಳುತ್ತಾಳೆ, ಹಾಗಾಗಿ ಎತ್ತುವುದಿಲ್ಲ. ಹಬ್ಬಕ್ಕೆ ಹೊಸ ಸೀರೆ ಬಂದಾಗ ನೀಲಾ ಅದನ್ನು ಪದಕಕ್ಕೆ ಮುಟ್ಟಿಸಿ, ಕಾಂಚನಕ್ಕ ನೋಡು, ಬಣ್ಣ ಹೆಂಗೈತಿ ಎಂದು ಕೇಳುತ್ತಿದ್ದಳಂತೆ. ಆ ಮನೆಯಲ್ಲಿ ಆ ಹೆಸರು ಬಾಯಿಗೆ ಬರುತ್ತಿದ್ದದ್ದು ಅದೊಂದೇ ಹೊತ್ತಿನಲ್ಲಿ.

"ಆ ಒಂದು ಕಾರಣಕ್ಕ ನಾನು ನೀಲಾ ಚಿಗವ್ವನ್ನ ಅವ್ವಾ ಅಂತಿದ್ದೆ. ಈಗ ಅದs ಬಾಯಿಲೆ ಆಕಿ ಮಂದಿ ಮುಂದ ನಮ್ಮವ್ವನ್ನ ದೆವ್ವ ಅಂದ್ಳು. ಕಾಲೇಜಿನ್ಯಾಗ ಹುಡುಗ್ರು ನನ್ನ ನೋಡಿ, ಕಾಂಚನಾ ಹೊರಗ ಬಾ ಅಂತಾರ್ರೀ."

ಹಾಗಾದರೆ ಏನು ಮಾಡಬೇಕು ಎಂದು ಕೇಳಿದೆ. ಎಷ್ಟು ಜನರ ಮುಂದೆ ಅಂದರೋ ಅಷ್ಟು ಜನರ ಮುಂದೆ ಅಲ್ಲವೆಂದು ಹೇಳಿದರೆ ಮನೆಗೂ ಕಾಲೇಜಿಗೂ ಬರುತ್ತೇನೆ, ಇಲ್ಲದಿದ್ದರೆ ಅಜ್ಜಿ ಹೇಳಿದ ಕಡೆ ಮದುವೆಯಾಗುತ್ತೇನೆ ಎಂದಳು. ಬೆದರಿಕೆಯ ದನಿಯಲ್ಲಲ್ಲ. ನಾಳೆ ಪೇಟೆಗೆ ಹೋಗಬೇಕು ಎನ್ನುವ ಹಾಗೆ.

ಇದು ನಿನ್ನ ಸಭೆಯಲ್ಲೇ ಆಗಬೇಕು. ನನ್ನನ್ನು ಕರೆದಿದ್ದೆ. ಬಂದು ನಾನೇ ಹೇಳಬಹುದು. ಆದರೆ ನಾನು ಹೇಳಿದರೆ ಜನ ಹೊಟ್ಟೆಕಿಚ್ಚಿನಿಂದ ಹೇಳುತ್ತಾನೆ ಎಂದುಕೊಳ್ಳುತ್ತಾರೆ. ಅವರು ಅಂದುಕೊಂಡದ್ದು ತಪ್ಪೆಂದು ಸಾಧಿಸುವುದು ನನಗೆ ಸುಲಭವಲ್ಲ. ಹಾಗಾಗಿ ನೀನು ಹೇಳು. ಹೇಳಿದರೆ ಜನ ಕಡಿಮೆಯಾಗಬಹುದು. ಹೆಸರು ಹಿಡಿದು ಓಡಿಸಿದವನೇ ಆ ಹೆಸರು ತಪ್ಪಾಗಿತ್ತು ಎಂದರೆ, ಇಲ್ಲಿಯವರೆಗೆ ಓಡಿಸಿದ್ದೆಲ್ಲ ಏನು ಎಂದು ಕೇಳುವವರು ಇದ್ದೇ ಇರುತ್ತಾರೆ. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ. ನಿನ್ನ ಜನ ಕಡಿಮೆಯಾಗಲಿ ಎಂದು ಕೇಳುತ್ತಿಲ್ಲ ಎಂದು ಬರೆದು ಹೊಡೆದುಹಾಕಿದೆ. ಎರಡು ಸಲ.

ಗದಿಗೆವ್ವನ ಬೆರಳು ಈಗ ಹೇಗಿದೆ? ಆಗಲೇ ಕೇಳಬೇಕಾಗಿತ್ತು.

ನಿನ್ನ,
ಸ್ವಾಮಿದಾಸ


ಬೆಳ್ಳಟ್ಟಿ
೨೧ ಅಕ್ಟೋಬರ್ ೨೦೨೪

ಪೂಜ್ಯ ಅಯ್ಯನವರಿಗೆ ನೀಲಾ ಮಾಡುವ ನಮಸ್ಕಾರ. ನಾವೆಲ್ಲರೂ ಕ್ಷೇಮ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಫೋನಿನಲ್ಲಿ ಮಾತಾಡಲು ಮನೆಯಲ್ಲಿ ಎಲ್ಲರೂ ಇರುತ್ತಾರೆ, ಆದ್ದರಿಂದ ಬರೆದೆ.

ಮೊನ್ನೆ ಶುಕ್ರವಾರ ನೀವು ಮುಂಡರಗಿಯ ಹಾಲ್‌ನಲ್ಲಿ ಹಿಂದೆ, ಚಪ್ಪಲಿ ಬಿಡುವ ಕಡೆ ನಿಂತಿದ್ದನ್ನು ನಾನು ನೋಡಿದೆ. ಮುಗಿಯುವ ಮೊದಲೇ ಹೋಗಿಬಿಟ್ಟಿರಿ. ಉಳಿದದ್ದು ಹೇಳುತ್ತೇನೆ.

ಯಮನೂರಪ್ಪಣ್ಣ ಮೈಕು ಬಂದ್ ಮಾಡಿದ್ದು ನೀವು ನೋಡಿದಿರಿ. ಎಲ್ಲರೂ ಹತ್ತಿರ ಬರ್ರಿ ಅಂದರು. ಸೀಮಾ ಲಕ್ಷ್ಮೇಶ್ವರದ ಅಜ್ಜಿಯ ಜೊತೆ ಬಾಗಿಲ ಹತ್ತಿರ ಕೂತಿದ್ದಳು, ನಮ್ಮತ್ತೆಯೂ ಬಂದಿದ್ದರು. ಯಮನೂರಪ್ಪಣ್ಣ ಮುಂದಿನ ಕಟ್ಟೆ ಇಳಿದು ಬಂದು ಸೀಮಾಳ ಮುಂದೆ ನೆಲಕ್ಕೆ ಕೂತರು. "ನಾನು ಒಂದು ಸುಳ್ಳು ಕೇಳಿ ನಂಬೀನಿ. ನಂಬಿ ನಿಮ್ಮೆಲ್ಲಾರ ಬಾಯಿಲೆ ಅದನ್ನ ಹೇಳಿಸೀನಿ. ಸತ್ತಾವ್ರು ದೇವರ ಕೈಯಾಗ ಇರ್ತಾರ, ಯಾರ ಮೈಮ್ಯಾಲೂ ಬರಂಗಿಲ್ಲ. ಕಾಂಚನಾ ದೆವ್ವ ಅಲ್ಲ. ಒಬ್ಬ ಹುಡಗಿಗೆ ಅವ್ವ. ತಂಗಿ, ಇಷ್ಟು ಮಂದಿ ಮುಂದ ನಿಮ್ಮವ್ವನ ಹೆಸರಿಗೆ ಮಸಿ ಬಳದೀನಿ, ಇಷ್ಟು ಮಂದಿ ಮುಂದ ಒರಸಾಕ ಕುಂತೀನಿ" ಎಂದರು. ನೀವು ಹೋದದ್ದು ಅಲ್ಲಿಗೇ ಇರಬೇಕು. ಆಮೇಲೆ ಎಲ್ಲರೂ ಅತ್ತರು. ಸೀಮಾಳೂ ಅತ್ತಳು. ಒಬ್ಬ ಮುದುಕ ಎದ್ದು, "ಹಂಗಾದ್ರ ನನ್ನ ಮಗಳಿಗೆ ಬಿಡಿಸಿದ್ದು ಯಾರನ್ನ?" ಎಂದು ಕೇಳಿದ. ಯಮನೂರಪ್ಪಣ್ಣ, "ಗೊತ್ತಿಲ್ಲ ಯಜ್ಜಾ, ಬಾ, ಕುಂತು ಮಾತಾಡೂಣು" ಎಂದರು. ಕೆಲವರು ಎದ್ದು ಹೋದರು. ನಮ್ಮತ್ತೆ ಮಾತ್ರ, "ಆತು ಏಳೋ ತಮ್ಮಾ, ಮೊಣಕಾಲು ಹಿಡಕೋತಾವು" ಎಂದರು. ಅಳುತ್ತಿದ್ದವರೂ ನಕ್ಕರು.

ಸೀಮಾ ಮನೆಗೆ ಬಂದಳು. ಇವತ್ತಿನಿಂದ ಕಾಲೇಜಿಗೆ ಹೋಗುತ್ತಿದ್ದಾಳೆ. ವರ ನೋಡುವುದು ನಿಂತಿದೆ. ನನ್ನ ಜೊತೆ ಮಾತು ಕಡಿಮೆ, ಬೇಕಾದ್ದು ಕೇಳುತ್ತಾಳೆ.

ಈಗ ನನ್ನ ಮಾತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಅದು ಕಾಂಚನಕ್ಕ ಅಲ್ಲ ಅಂದ ಮೇಲೆ ಅದು ಯಾರು? ಯಮನೂರಪ್ಪಣ್ಣನಿಗೆ ಕೇಳಿದೆ. ಅದು ಸುಳ್ಳಾಡುವ ದುರಾತ್ಮ, ಹೋಗಿದೆ, ಚಿಂತೆ ಬೇಡ ಎಂದರು. ಆದರೆ ಅಯ್ಯನವರೇ, ಅದು ಹೋಗಿಲ್ಲ.

ಸೀಮಾ ಬಂದ ದಿನ ನಮ್ಮ ಯಜಮಾನರು ಅವಳನ್ನು ನೋಡಿ, ನಿಮ್ಮವ್ವನ ಹಂಗs ನಡೀತಿ ನೋಡು ಎಂದು ನಕ್ಕರು. ಇಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದು ನಾನು ಕಂಡಿರಲಿಲ್ಲ. ನನ್ನ ಎದೆ ಮತ್ತೆ ಬಿಗಿಯಿತು. ಅದೇ ಹಳೆಯ ಹಾಗೆ. ರೊಟ್ಟಿ ಬಡಿಯುತ್ತಿದ್ದೆ, ಹಂಚಿನ ಮೇಲೆ ಕೈ ಸುಟ್ಟುಕೊಂಡೆ.

ಅವತ್ತು ಬಿದ್ದಾಗ ನನ್ನ ಬಾಯಿಂದ ಬಂದ ಮಾತು ನನಗೆ ಕೇಳಿಸುತ್ತಿತ್ತು. ನಾನು ಹೇಳುತ್ತಿದ್ದೇನೆ ಎಂದು ಒಂದು ಕಡೆ ಗೊತ್ತಿತ್ತು, ನಿಲ್ಲಿಸಲಾಗಲಿಲ್ಲ. ನಿಲ್ಲಿಸಲೂ ಮನಸ್ಸಿರಲಿಲ್ಲ. ಹೆಸರು ಕೇಳಿದಾಗ ಕಾಂಚನಾ ಎಂದೆ. ಎಲ್ಲರೂ ಸೇರಿ ಅವಳಿಗೆ ಹೋಗು ಹೋಗು ಎಂದಾಗ ನನಗೆ ಎಷ್ಟು ಹಗುರವಾಯಿತು ಗೊತ್ತೇ. ಸೀರೆ ಕೊಂಡರೆ ಮೊದಲು ಅವಳಿಗೆ, ಹೋಳಿಗೆ ಮಾಡಿದರೆ ಮೊದಲು ಅವಳಿಗೆ. ಸತ್ತವಳಿಗೆ ವಯಸ್ಸಾಗುವುದಿಲ್ಲ, ತಪ್ಪೂ ಆಗುವುದಿಲ್ಲ. ಕಾಂಚನಕ್ಕ ನೋಡು ಎಂದು ಬಾಯಲ್ಲಿ ಅನ್ನುತ್ತಿದ್ದೆ, ಹೊಟ್ಟೆಯಲ್ಲಿ ಬೇರೆ ಇತ್ತು.

ಹಾಗಾದರೆ ದೆವ್ವ ನಾನೇ ಏನು? ಒಳಗೆ ಇರುವುದು ನಾನೇ ಆದರೆ ಅದನ್ನು ಬಿಡಿಸುವವರು ಯಾರು? ದೀಕ್ಷಾಸ್ನಾನ ತೆಗೆದುಕೊಂಡವಳಿಗೆ ಹೀಗೆ ಇರಬಾರದಲ್ಲವೇ? ನೀವು ಓದಿದವರು, ನಿಧಾನದವರು. ಅದಕ್ಕೆ ನಿಮ್ಮನ್ನು ಕೇಳಿದೆ.

ಇಂತಿ,
ನೀಲಾ


ಬೆಟಗೇರಿ
೨೮ ಅಕ್ಟೋಬರ್ ೨೦೨೪

ತಂಗಿ ನೀಲಾ,

ನಿನ್ನ ಕಾಗದ ಬಂದ ಹೊತ್ತಿನಿಂದ ಇದು ನಾಲ್ಕನೆಯ ಉತ್ತರ. ಮೊದಲಿನವು ಪಾಠದ ಹಾಗಿದ್ದವು, ಹರಿದು ಹಾಕಿದೆ.

ನೀನು ದೆವ್ವವಲ್ಲ. ಇದನ್ನು ಮೊದಲು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಉಳಿದದ್ದನ್ನು ಓದುವಾಗ ನಿನಗೆ ಅದರ ಬಗ್ಗೆ ಅನುಮಾನ ಇರಬಾರದು. ನೀರಿನಲ್ಲಿ ಮುಳುಗಿ ಎದ್ದವರೊಳಗೂ ಹೊಟ್ಟೆಕಿಚ್ಚು ಇರುತ್ತದೆ. ನಾನು ಹುಟ್ಟಿದ ತಿಂಗಳಿಗೇ ದೀಕ್ಷಾಸ್ನಾನ ಪಡೆದವನು. ನನ್ನೊಳಗೆ ಹೇಗಿದೆ ಎಂದು ಹೇಳುತ್ತೇನೆ.

ನಿನ್ನ ಕಾಗದ ಓದಿ ನನಗೆ ಮೊದಲು ಆದದ್ದು ದುಃಖವಲ್ಲ, ಸಂತೋಷ. ಯಮನೂರಪ್ಪನ ಉತ್ತರ ನಿನಗೆ ಸಾಲಲಿಲ್ಲ, ನನ್ನನ್ನು ಕೇಳಿದೆ ಎಂಬ ಸಂತೋಷ. ನಿಧಾನದವರು ಎಂಬ ಮಾತನ್ನು ಇನ್ನೊಂದು ಸಲ ಓದಿದೆ. ನೀನು ಕೈ ಸುಟ್ಟುಕೊಂಡ ಸಾಲು ಅದಕ್ಕಿಂತ ಮೊದಲೇ ಇತ್ತು, ಅದರ ಕಡೆ ಕಣ್ಣು ಹೋದದ್ದು ಆಮೇಲೆ. ಆ ಸಂತೋಷವನ್ನು ಯಾವ ದುರಾತ್ಮವೂ ತಂದು ನನ್ನಲ್ಲಿ ಇಡಲಿಲ್ಲ. ಅದು ಇಲ್ಲೇ ಹುಟ್ಟಿ ಬೆಳೆದದ್ದು.

ಮುಂಡರಗಿಯಿಂದ ನಾನು ಮುಗಿಯುವ ಮೊದಲೇ ಯಾಕೆ ಹೊರಟೆ ಎಂದು ನೀನು ಕೇಳಿಲ್ಲ. ಅವನು ನೆಲಕ್ಕೆ ಕೂತು ಆ ಮಾತು ಹೇಳಿದ ಕೂಡಲೇ ಹೊರಟೆ. ಅದು ಆಗಲಿ ಎಂದು ನಾನೇ ಬೇಡಿಕೊಂಡಿದ್ದೆ. ಅವನ ಬಾಯಿಂದ ಬಂದ ಒಂದೊಂದು ಮಾತೂ ನಾನು ಅವನಿಗೆ ಬರೆದ ಮಾತೇ. ನಾನು ಹೇಳಿದ್ದರೆ ಜನ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಅವನು ಹೇಳಿದ, ಜನ ಅತ್ತರು. ತಪ್ಪೊಪ್ಪಿಕೊಳ್ಳುವುದರಲ್ಲೂ ಅವನು ನನಗಿಂತ ಮುಂದೆ ಹೋದ. ನನ್ನ ಚಪ್ಪಲಿ ಹುಡುಕಿಕೊಂಡು ಬಸ್ ನಿಲ್ದಾಣದವರೆಗೆ ನಡೆದೆ. ಆ ಹುಡುಗಿಯ ಮುಖವನ್ನು ನೋಡಲಿಲ್ಲ. ಅವಳಿಗಾಗಿ ಅಷ್ಟು ದೂರ ಹೋಗಿದ್ದೆ, ಅವಳು ಅತ್ತದ್ದು ನಿನ್ನ ಕಾಗದದಿಂದ ತಿಳಿಯಬೇಕಾಯಿತು.

ಇದನ್ನು ಬಿಡಿಸುವವರು ಯಾರು ಎಂದು ಕೇಳಿದ್ದೀಯ. ಒಂದೇ ಮಧ್ಯಾಹ್ನದಲ್ಲಿ ಬಿಡಿಸುವವರು ನನಗೆ ಸಿಕ್ಕಿಲ್ಲ. ದೆವ್ವವೆಂದು ಕರೆದರೆ ಓಡಿಸಬಹುದು ಎಂದು ಅನಿಸುತ್ತದೆ, ಅದಕ್ಕೇ ನಾವು ಹಾಗೆ ಕರೆಯುತ್ತೇವೆ. ಅದರ ಹೆಸರು ಹೊಟ್ಟೆಕಿಚ್ಚು. ಆ ಹೆಸರಿನಿಂದಲೇ ಅದನ್ನು ದೇವರ ಮುಂದೆ ಇಡು. ಬೆಳಿಗ್ಗೆ ಇಡು, ಸಂಜೆ ಮತ್ತೆ ಇರುತ್ತದೆ, ಮತ್ತೆ ಇಡು. ದೇವರಿಗೆ ಬೇಸರವಾಗುವುದಿಲ್ಲ ಎಂದು ನಾನು ಕಲಿಸುತ್ತ ಬಂದಿದ್ದೇನೆ. ಈಗ ನಂಬಲು ಪ್ರಯತ್ನಿಸುತ್ತಿದ್ದೇನೆ. ಎದೆ ಬಿಗಿಯುವುದು ನಿಲ್ಲದಿದ್ದರೆ ಗದಗಿನ ವೈದ್ಯರಲ್ಲಿಗೆ ಮತ್ತೊಮ್ಮೆ ಹೋಗೋಣ. ಅದರಲ್ಲಿ ನಾಚಿಕೆಯಿಲ್ಲ.

ಇನ್ನೊಂದು ಕೆಲಸ ಹೇಳುತ್ತೇನೆ, ಕಷ್ಟದ್ದು. ಪದಕ ಹೊಳೆಗೆ ಹೋಯಿತು, ಅದನ್ನು ತರಲು ಬರುವುದಿಲ್ಲ, ತರಬೇಕಾಗಿಯೂ ಇಲ್ಲ. ಬೆಳ್ಳಿಯ ಮುಂದೆ ಸೀರೆ ಹಿಡಿದು ಎಷ್ಟೋ ವರ್ಷ ಮಾತಾಡಿದೆ, ಅದು ಒಮ್ಮೆಯೂ ಉತ್ತರ ಕೊಡಲಿಲ್ಲ. ಉತ್ತರ ಕೊಡುವವಳು ಮನೆಯಲ್ಲೇ ಇದ್ದಾಳೆ. ಸೀಮಾಳನ್ನು ಅವಳ ಅವ್ವನ ವಿಷಯ ಕೇಳು. ಹೇಗೆ ನಡೆಯುತ್ತಿದ್ದಳು, ಏನು ಅಡಿಗೆ ಕೆಡಿಸುತ್ತಿದ್ದಳು, ಯಾರ ಮೇಲೆ ಸಿಟ್ಟಾಗುತ್ತಿದ್ದಳು. ಕೇಳುವಾಗ ಹೊಟ್ಟೆ ಉರಿಯುತ್ತದೆ. ಉರಿಯಲಿ, ಎದ್ದು ಹೋಗಬೇಡ. ನಾನು ಎದ್ದು ಹೋದೆ, ಅದರಿಂದ ಏನೂ ಆರಲಿಲ್ಲ.

ಈ ಕಾಗದವನ್ನು ಓದಿ ಮುಚ್ಚಿಡಬೇಡ. ಬರುವ ಶುಕ್ರವಾರ ಮುಂಡರಗಿಗೆ ಹೋಗುವಾಗ ಯಮನೂರಪ್ಪನ ಕೈಗೆ ಕೊಡು. ಗದಿಗೆವ್ವನಿಗೂ ಓದಿ ಹೇಳಲಿ. ಅವನಿಗೇ ಬರೆಯೋಣವೆಂದು ಎರಡು ಸಂಜೆ ಕೂತೆ, ಆದರೆ ಪ್ರಿಯ ಯಮನೂರಪ್ಪ ಎಂದು ಬರೆದ ಕೂಡಲೇ ನನ್ನ ಕೈ ಅವನಿಗೆ ಪಾಠ ಹೇಳಲು ಶುರು ಮಾಡುತ್ತದೆ.

ಸ್ವಾಮಿದಾಸ